ಎದೆಯುರಿ ಎಂದರೆ ಬರೀ ‘ಗ್ಯಾಸ್’ ಅಲ್ಲ
ವಪೆಯ ಹರ್ನಿಯಾ ಮತ್ತು ಕೃಷಿಕರ ದಿನನಿತ್ಯದ ಅಭ್ಯಾಸಗಳು

ಚಾಲಿ ಅಡಿಕೆ ಸುಲಿಯುವ ದಿನಗಳಲ್ಲಿ ನಮ್ಮ ಕಾಸರಗೋಡಿನ ಮನೆಗಳಲ್ಲಿ ಒಂದು ಮಾತು ಪದೇ ಪದೇ ಕೇಳಿಬರುತ್ತದೆ. “ಯಾಕೋ ಎದೆ ಉರಿಯುತ್ತದೆ, ಹುಳಿ ತೇಗು ಬರುತ್ತದೆ, ಸ್ವಲ್ಪ ಸೋಡಾ ಕೊಡು.” ಸೋಡಾ ಕುಡಿದರೆ ದೊಡ್ಡದೊಂದು ತೇಗು ಬಂದು ಹಾಯೆನಿಸುತ್ತದೆ. ಪುನಃ ಮೆಟ್ಟುಕತ್ತಿಯ ಮುಂದೆ ಬಗ್ಗಿ ಕುಳಿತರೆ ಅರ್ಧ ಗಂಟೆಯಲ್ಲಿ ಅದೇ ಉರಿ. ನಾವು ಇದಕ್ಕೆ ‘ಗ್ಯಾಸ್’ ಎಂದು ಹೆಸರಿಟ್ಟು ವರ್ಷಗಟ್ಟಲೆ ಸಾಗಿಸುತ್ತೇವೆ.

ನಾನೂ ಹಾಗೆಯೇ ಸಾಗಿಸಿದವನು. ಸುಮಾರು ಆರು ವರ್ಷ ಅಂಗಡಿಯ ಪುಡಿ, ಮಾತ್ರೆಗಳಲ್ಲೇ ದಿನ ಕಳೆದೆ. ಆಸ್ಪತ್ರೆಗೆ ಹೋಗಲು ಉದಾಸೀನ ಒಂದು ಕಾರಣ. ನಿಜ ಹೇಳುವುದಾದರೆ ಹೆದರಿಕೆ ಇನ್ನೊಂದು ಕಾರಣ: ಪರೀಕ್ಷೆ ಮಾಡಿಸಿದರೆ ಎಲ್ಲಿ ದೊಡ್ಡ ಕಾಯಿಲೆಯ ಹೆಸರು ಹೇಳುತ್ತಾರೋ ಎಂದು. ಕೊನೆಗೆ ಕೆಳಗಿನ ತೋಟದಿಂದ ಗುಡ್ಡ ಹತ್ತಿ ಮನೆಗೆ ಬರುವಾಗ ಎರಡು ಕಡೆ ಕುಳಿತು ಉಸಿರು ತೆಗೆದುಕೊಳ್ಳುವ ಸ್ಥಿತಿ ಬಂದಾಗ ಮಗಳು ಒತ್ತಾಯ ಮಾಡಿ ಕರೆದುಕೊಂಡು ಹೋದಳು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಎಂಟು ಮಾತ್ರ. ರಕ್ತ ಎಲ್ಲಿ ಸೋರುತ್ತಿದೆ ಎಂದು ಹುಡುಕುತ್ತಾ ಎಂಡೋಸ್ಕೋಪಿ ಮಾಡಿದರು. ಆಗ ತಿಳಿಯಿತು, ನನ್ನ ಹೊಟ್ಟೆಯ ಮೇಲ್ಭಾಗ ವಪೆಯ ತೂತಿನ ಮೂಲಕ ಎದೆಯೊಳಗೆ ಏರಿ ಕುಳಿತಿದೆ, ಅಲ್ಲಿ ಉಜ್ಜಿ ಉಜ್ಜಿ ಸಣ್ಣ ಹುಣ್ಣುಗಳಾಗಿವೆ. ಇದನ್ನು ವೈದ್ಯರು ‘ಹಯಾಟಸ್ ಹರ್ನಿಯಾ’ ಎನ್ನುತ್ತಾರೆ.

ನಾನು ವೈದ್ಯನಲ್ಲ, ಅಡಿಕೆ ತೋಟದವನು. ವೈದ್ಯರು ತಾಳ್ಮೆಯಿಂದ ಹೇಳಿಕೊಟ್ಟದ್ದನ್ನೂ, ಆ ಮೇಲೆ ನನ್ನ ದಿನಚರಿಯಲ್ಲಿ ನಾನು ಬದಲಾಯಿಸಿಕೊಂಡದ್ದನ್ನೂ ನಮ್ಮ ಕೃಷಿಕ ಬಂಧುಗಳಿಗೆ ಉಪಯೋಗವಾಗಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಏನಿದು ಹಯಾಟಸ್ ಹರ್ನಿಯಾ?

ಹರ್ನಿಯಾ ಎಂದ ಕೂಡಲೇ ನಮಗೆ ನೆನಪಾಗುವುದು ತೊಡೆಯ ಸಂದಿಯಲ್ಲಿ ಅಥವಾ ಹೊಕ್ಕುಳಲ್ಲಿ ಕಾಣುವ ಉಬ್ಬು. ಇದು ಹೊರಗೆ ಕಾಣುವಂಥದ್ದಲ್ಲ. ನಮ್ಮ ಎದೆಗೂ ಹೊಟ್ಟೆಗೂ ನಡುವೆ ಮಾಂಸದ ಒಂದು ತೆಳುವಾದ ಪರದೆ ಇದೆ. ಅದೇ ವಪೆ. ಉಸಿರಾಡುವಾಗ ಮೇಲೆ ಕೆಳಗೆ ಹೋಗುವುದು ಇದೇ. ಗಂಟಲಿನಿಂದ ಇಳಿಯುವ ಅನ್ನನಾಳವು ಈ ವಪೆಯ ಒಂದು ತೂತಿನ ಮೂಲಕ ಹಾದು ಕೆಳಗಿನ ಜಠರಕ್ಕೆ ಸೇರುತ್ತದೆ. ಪ್ರಾಯ ಹೋದಂತೆ ಆ ತೂತಿನ ಸುತ್ತಲಿನ ಸ್ನಾಯು ಸಡಿಲವಾಗುತ್ತದೆ. ಆಗ ಹೊಟ್ಟೆಯೊಳಗಿನ ಒತ್ತಡ ಹೆಚ್ಚಿದಾಗಲೆಲ್ಲ ಜಠರದ ಮೇಲ್ಭಾಗ ಆ ತೂತಿನಿಂದ ಮೇಲಕ್ಕೆ ಜಾರುತ್ತದೆ.

ಅನ್ನನಾಳದ ತುದಿಯಲ್ಲಿ ಬಿಗಿಯುವ ಒಂದು ಸ್ನಾಯುವಿನ ಉಂಗುರ ಇದೆ. ಚೀಲದ ಬಾಯಿಗೆ ಹಗ್ಗ ಕಟ್ಟಿದಂತೆ ಅದು ಜಠರದ ಬಾಯಿಯನ್ನು ಮುಚ್ಚಿಡುತ್ತದೆ. ವಪೆಯೂ ಹೊರಗಿನಿಂದ ಅದನ್ನು ಹಿಡಿದುಕೊಂಡು ಸಹಾಯ ಮಾಡುತ್ತದೆ. ಜಠರ ಮೇಲೆ ಜಾರಿದಾಗ ಈ ಎರಡು ಹಿಡಿತಗಳೂ ಒಂದೇ ಜಾಗದಲ್ಲಿ ಇರುವುದಿಲ್ಲ. ಬಾಯಿ ಸಡಿಲವಾಗಿ ಜಠರದ ಆಮ್ಲ ಮೇಲಕ್ಕೆ ಉಕ್ಕುತ್ತದೆ. ಜಠರದ ಒಳಗೋಡೆಗೆ ಆಮ್ಲವನ್ನು ತಡೆಯುವ ಲೋಳೆಯ ರಕ್ಷಣೆ ಇದೆ. ಅನ್ನನಾಳಕ್ಕೆ ಅಂಥ ರಕ್ಷಣೆ ಇಲ್ಲ. ಎದೆಯುರಿಯ ಗುಟ್ಟು ಇಷ್ಟೇ.

ಈ ಹರ್ನಿಯಾದಲ್ಲಿ ನೂರಕ್ಕೆ 90ಕ್ಕಿಂತಲೂ ಹೆಚ್ಚು ಹೀಗೆ ಮೇಲೆ ಕೆಳಗೆ ಜಾರುವ ಜಾತಿಯದು. ಉಳಿದ ಕೆಲವು ಜಾತಿಗಳಲ್ಲಿ ಜಠರದ ಭಾಗ ಅನ್ನನಾಳದ ಪಕ್ಕದಿಂದ ಮೇಲೇರಿ ಸಿಕ್ಕಿಹಾಕಿಕೊಳ್ಳುವ ಅಪಾಯವಿದೆ. ಐವತ್ತು ದಾಟಿದವರಲ್ಲಿ, ತೂಕ ಹೆಚ್ಚಿರುವವರಲ್ಲಿ ಇದು ಹೆಚ್ಚು. ಗರ್ಭಿಣಿಯರಲ್ಲೂ ಎದೆಯುರಿ ಕಾಣಿಸುವುದು ಹೊಟ್ಟೆಯ ಒತ್ತಡ ಹೆಚ್ಚುವುದರಿಂದ. ಹರ್ನಿಯಾ ಇದ್ದೂ ಯಾವ ತೊಂದರೆಯೂ ಇಲ್ಲದವರು ಎಷ್ಟೋ ಮಂದಿ. ಆದುದರಿಂದ ಹೆಸರು ಕೇಳಿ ಗಾಬರಿಯಾಗಬೇಕಿಲ್ಲ. ಇದು ಅರ್ಬುದವಲ್ಲ. ಆದರೆ ಆಮ್ಲ ಉಕ್ಕುವುದು ವರ್ಷಗಟ್ಟಲೆ ಮುಂದುವರಿದರೆ ಅನ್ನನಾಳದಲ್ಲಿ ಹುಣ್ಣು, ಕಿರಿದಾಗುವಿಕೆ ಮತ್ತು ಕೆಲವರಲ್ಲಿ ಅರ್ಬುದಕ್ಕೆ ದಾರಿಯಾಗುವ ಬದಲಾವಣೆ ಉಂಟಾಗಬಹುದು. ಇದೇ ಕಾರಣಕ್ಕೆ ಅಸಡ್ಡೆಯೂ ಸಲ್ಲದು.

ಎದೆಯುರಿ, ಹುಳಿ ತೇಗು, ಬಗ್ಗಿದಾಗ ಬಾಯಿಗೆ ಹುಳಿ ನೀರು ಬರುವುದು, ಊಟದ ನಂತರ ಎದೆ ಬಿಗಿತ, ರಾತ್ರಿ ಒಣಕೆಮ್ಮು, ಬೆಳಿಗ್ಗೆ ಸ್ವರ ಒಡೆದಿರುವುದು, ಇವು ಸಾಮಾನ್ಯ ಲಕ್ಷಣಗಳು. ಇನ್ನು ನಮ್ಮ ಒಂದು ದಿನವನ್ನೇ ಬೆಳಿಗ್ಗೆಯಿಂದ ರಾತ್ರಿಯವರೆಗೆ ನೋಡುತ್ತಾ ಹೋಗೋಣ.

ಬೆಳಿಗ್ಗೆ: ಖಾಲಿ ಹೊಟ್ಟೆಯ ಚಹಾ

ಐದು ಗಂಟೆಗೆ ಎದ್ದು ದೊಡ್ಡ ಲೋಟ ಕಡು ಚಹಾ ಕುಡಿದು ಹಟ್ಟಿಗೆ ಹೋಗುವುದು ನಮ್ಮ ರೂಢಿ. ಚಹಾ, ಕಾಫಿ ಎರಡೂ ಕೆಲವರಲ್ಲಿ ಜಠರದ ಬಾಯಿಯನ್ನು ಸಡಿಲಿಸಿ ಆಮ್ಲವನ್ನು ಹೆಚ್ಚಿಸುತ್ತವೆ. ಕುಡಿದ ಕೂಡಲೇ ಹಾಲು ಕರೆಯಲು ಮೊಣಕಾಲ ಮೇಲೆ ಹೊಟ್ಟೆಯನ್ನು ಒತ್ತಿ ಕುಳಿತರೆ ಆ ಚಹಾ ಮೇಲಕ್ಕೇ ಬರುತ್ತದೆ. ಮೊದಲು ಒಂದು ಲೋಟ ಉಗುರು ಬೆಚ್ಚಗಿನ ನೀರು ಕುಡಿದು ಹಾಲು ಕರೆಯುವ ಕೆಲಸ ಮುಗಿಸಿ. ಚಹಾ ಬೇಕೇ ಬೇಕಾದರೆ ತಿಂಡಿಯ ಜೊತೆಯಲ್ಲಿ, ತೆಳುವಾಗಿ, ಸಣ್ಣ ಲೋಟದಲ್ಲಿ ಸಾಕು. ಹಟ್ಟಿಯಲ್ಲಿ ತುದಿಗಾಲಲ್ಲಿ ಕುಕ್ಕುರುಗಾಲು ಹಾಕುವುದಕ್ಕಿಂತ ಒಂದು ಅಡಿ ಎತ್ತರದ ಮಣೆ ಅಥವಾ ಸ್ಟೂಲು ಒಳ್ಳೆಯದು. ಬೆನ್ನು ನೇರವಾಗಿರುತ್ತದೆ, ಹೊಟ್ಟೆ ಮಡಚುವುದಿಲ್ಲ.

ಮಲಬದ್ಧತೆಯೂ ಒಂದು ಕಾರಣ. ಶೌಚದಲ್ಲಿ ಉಸಿರು ಕಟ್ಟಿ ಮುಕ್ಕುವಾಗ ಹೊಟ್ಟೆಯ ಒತ್ತಡ ಬಹಳ ಏರುತ್ತದೆ. ಬಸಳೆ, ಹರಿವೆ, ಬಾಳೆದಿಂಡು, ಹೆಸರುಕಾಳು ನಮ್ಮ ಹಿತ್ತಿಲಲ್ಲೇ, ನಮ್ಮ ಅಡುಗೆಮನೆಯಲ್ಲೇ ಇವೆ. ಬೇಸಿಗೆಯಲ್ಲಿ ತೋಟಕ್ಕೆ ಹೋಗುವಾಗ ನೀರಿನ ಬಾಟಲಿ ಮರೆಯಬೇಡಿ.

ತೋಟದಲ್ಲಿ: ಬಗ್ಗುವುದು, ಎತ್ತುವುದು, ಬಿಗಿಯುವುದು

ಕೃಷಿಕನಿಗೆ “ಭಾರ ಎತ್ತಬೇಡ, ಬಗ್ಗಬೇಡ” ಎಂದರೆ “ಬದುಕಬೇಡ” ಎಂದಂತೆ. ವೈದ್ಯರು ನನಗೆ ಹೀಗೆ ಹೇಳಿದಾಗ ನಾನು ನಕ್ಕುಬಿಟ್ಟೆ. ಆ ಮೇಲೆ ಅವರೇ ಬಿಡಿಸಿ ಹೇಳಿದರು: ಎತ್ತುವ ರೀತಿ ಬದಲಾಯಿಸಿ, ಎತ್ತುವ ಹೊತ್ತು ಬದಲಾಯಿಸಿ.

ಮೊದಲನೆಯದು ಹೊತ್ತು. ಹೊಟ್ಟೆ ತುಂಬಿರುವಾಗ ಬಗ್ಗುವ ಕೆಲಸ ಬೇಡ. ಹತ್ತು ಗಂಟೆಗೆ ಎರಡು ಬಟ್ಟಲು ಗಂಜಿ ಉಂಡು ಕೂಡಲೇ ಅಡಿಕೆ ಹೆಕ್ಕುವುದು, ಗುಂಡಿ ತೋಡುವುದು, ಹುಲ್ಲು ಕೊಯ್ಯುವುದು ಮಾಡಿದರೆ ತುಂಬಿದ ಕೊಡವನ್ನು ಅಡ್ಡ ಹಿಡಿದಂತೆ. ಬಗ್ಗುವ ಕೆಲಸಗಳನ್ನು ಗಂಜಿಗೆ ಮೊದಲೇ ಮುಗಿಸಿ. ಗಂಜಿಯ ನಂತರದ ಒಂದು, ಒಂದೂವರೆ ಗಂಟೆ ನಿಂತು ಮಾಡುವ ಕೆಲಸಕ್ಕಿರಲಿ: ನೀರು ಬಿಡುವುದು, ಕರಿಮೆಣಸಿನ ಬಳ್ಳಿ ಕಟ್ಟುವುದು, ಅಂಗಳದ ಅಡಿಕೆ ಕಾಲಿನಿಂದ ಮಗುಚುವುದು. ಅಡಿಕೆ ಮರ ಹತ್ತುವವರು ತುಂಬ ಉಂಡು ಹತ್ತಲೇಬಾರದು. ಕಾಂಡವನ್ನು ಅಪ್ಪಿಕೊಂಡಾಗ ಹೊಟ್ಟೆ ನೇರವಾಗಿ ಒತ್ತುತ್ತದೆ. ಈಗ ಕಾರ್ಬನ್ ಫೈಬರ್ ದೋಟಿಯಿಂದ ನೆಲದಲ್ಲೇ ನಿಂತು ಕೊಯ್ಲು ಮಾಡುವುದೂ, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡುವುದೂ ಸಾಧ್ಯವಾಗಿದೆ. ಅದರಲ್ಲಿ ಕುತ್ತಿಗೆಗೆ ಶ್ರಮವಿದ್ದರೂ ಹೊಟ್ಟೆಗೆ ಒತ್ತಡವಿಲ್ಲ.

ಎರಡನೆಯದು ರೀತಿ. ಗೊಬ್ಬರದ ಚೀಲ ಈಗಲೂ 50 ಕಿಲೋದ್ದು. ಯೂರಿಯಾ ಮಾತ್ರ 2018ರಿಂದ 45 ಕಿಲೋದ ಚೀಲದಲ್ಲಿ ಬರುತ್ತದೆ. ಇದನ್ನು ಸೊಂಟದಿಂದ ಬಗ್ಗಿ, ಹಲ್ಲು ಕಚ್ಚಿ, ಉಸಿರು ಕಟ್ಟಿ ಒಂದೇ ಎಳೆತಕ್ಕೆ ಎತ್ತುವುದೇ ದೊಡ್ಡ ತಪ್ಪು. ಉಸಿರು ಕಟ್ಟಿ ಎತ್ತಿದಾಗ ವಪೆಯ ಆ ಸಡಿಲ ತೂತಿನ ಮೇಲೆ ಪೂರ್ತಿ ಒತ್ತಡ ಬೀಳುತ್ತದೆ. ಮೊಣಕಾಲು ಮಡಚಿ ಕೆಳಗಿಳಿದು, ಭಾರವನ್ನು ಮೈಗೆ ಹತ್ತಿರ ಹಿಡಿದು, ಏಳುವಾಗ ಬಾಯಿಯಿಂದ ಉಸಿರು ಬಿಡುತ್ತಾ ಏಳಿ. ಚೀಲವನ್ನು ಅಂಗಳದಲ್ಲೇ ಬಿಚ್ಚಿ ಎರಡು ಮೂರು ಬುಟ್ಟಿ ಮಾಡಿಕೊಂಡು ಒಯ್ದರೆ ಮರ್ಯಾದೆಗೇನೂ ಕಡಿಮೆಯಿಲ್ಲ. ಒಂದು ಕೈಗಾಡಿ ಇದ್ದರೆ ಇನ್ನೂ ಒಳ್ಳೆಯದು.

ಬೆನ್ನಿಗೆ ಕಟ್ಟುವ 16 ಲೀಟರಿನ ಪಂಪು ತುಂಬಿದಾಗ ನೀರೇ 16 ಕಿಲೋ. ಸಡಿಲ ಇದ್ದರೆ ಜಾರುತ್ತದೆಂದು ಕೆಲವರು ಸೊಂಟದ ಪಟ್ಟಿಯನ್ನು ಬಿಗಿಯಾಗಿ ಎಳೆದು ಕಟ್ಟುತ್ತಾರೆ. ಭುಜದ ಪಟ್ಟಿಯನ್ನು ಸರಿಪಡಿಸಿ, ಅರ್ಧ ಮಾತ್ರ ತುಂಬಿಸಿ. ಹಾಗೆಯೇ ಮುಂಡಿನ ಮೇಲೆ ಬಿಗಿಯುವ ಅಗಲದ ಬೆಲ್ಟು, ತಲೆಗೆ ಕಟ್ಟುವ ಬೈರಾಸನ್ನು ನಡುವಿಗೆ ಸುತ್ತಿ ಬಿಗಿಯುವುದು, ಹೆಂಗಸರು ಸೀರೆಯ ಲಂಗದ ಲಾಡಿಯನ್ನು ಗುರುತು ಬೀಳುವಷ್ಟು ಕಟ್ಟುವುದು, ಇವೆಲ್ಲ ಹೊಟ್ಟೆಯನ್ನು ಕೆಳಗಿನಿಂದ ಹಿಂಡುತ್ತವೆ. ಎರಡು ಬೆರಳು ಹೋಗುವಷ್ಟು ಸಡಿಲ ಇರಲಿ.

ತೆಂಗಿನಕಾಯಿ ಸುಲಿಯುವಾಗ ಹಾರೆಯ ಮೊನೆಗೆ ಕಾಯನ್ನು ಬಗ್ಗಿ ಒತ್ತುತ್ತೇವೆ. ಹಾರೆಯನ್ನು ಸ್ವಲ್ಪ ಎತ್ತರಕ್ಕೆ ನೆಟ್ಟರೆ, ಅಥವಾ ಸನ್ನೆಯಂತೆ ಒತ್ತುವ ಕೈ ಸಾಧನ ಉಪಯೋಗಿಸಿದರೆ ಬಗ್ಗುವುದು ಕಡಿಮೆಯಾಗುತ್ತದೆ. ಅಡಿಕೆ ಸುಲಿಯುವವರು ಎರಡು ಗಂಟೆ ಒಂದೇ ಸಮನೆ ಕೂರದೆ ಅರ್ಧ ಗಂಟೆಗೊಮ್ಮೆ ಎದ್ದು ಬೆನ್ನು ನೆಟ್ಟಗೆ ಮಾಡಿ ಅಂಗಳಕ್ಕೊಂದು ಸುತ್ತು ಹೋಗಿಬನ್ನಿ.

ಊಟ: ಏನು ಎನ್ನುವುದಕ್ಕಿಂತ ಎಷ್ಟು, ಯಾವಾಗ

ಎಲ್ಲರಿಗೂ ಒಂದೇ ಪಥ್ಯ ಇಲ್ಲ. ಒಬ್ಬನಿಗೆ ಆಗದ್ದು ಇನ್ನೊಬ್ಬನಿಗೆ ಆಗುತ್ತದೆ. ಎರಡು ವಾರ ಒಂದು ನೋಟ್ ಪುಸ್ತಕದಲ್ಲಿ ತಿಂದದ್ದು, ಮಾಡಿದ ಕೆಲಸ, ಉರಿ ಬಂದ ಹೊತ್ತು ಮೂರನ್ನೂ ಬರೆದಿಡಿ. ಹಾಲಿನ ಲೆಕ್ಕ ಬರೆಯುವ ಪುಸ್ತಕವೇ ಸಾಕು. ನಿಮ್ಮ ಶತ್ರು ಯಾರೆಂದು ಅದೇ ತೋರಿಸುತ್ತದೆ. ನನ್ನ ಪುಸ್ತಕದಲ್ಲಿ ಸಿಕ್ಕಿಬಿದ್ದದ್ದು ಎಣ್ಣೆಯಲ್ಲಿ ಕರಿದ ಮೀನು ಮತ್ತು ರಾತ್ರಿ ಒಂಬತ್ತೂವರೆಯ ಊಟ.

ಸಾಮಾನ್ಯವಾಗಿ ಹೇಳುವುದಾದರೆ ಕೊಬ್ಬು ಹೆಚ್ಚಿರುವ ಆಹಾರ ಜಠರದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ, ಜಠರದ ಬಾಯಿಯನ್ನೂ ಸಡಿಲಿಸುತ್ತದೆ. ನಮ್ಮ ಹಂದಿಮಾಂಸದ ಬಫಾತ್, ಕರಿದ ಬಂಗುಡೆ, ಗೋಳಿಬಜೆ, ದಪ್ಪ ತೆಂಗಿನಹಾಲಿನ ಪದಾರ್ಥ ಈ ಸಾಲಿಗೆ ಸೇರುತ್ತವೆ. ಬಿಟ್ಟೇಬಿಡಿ ಎಂದು ನಾನು ಹೇಳುವುದಿಲ್ಲ. ಮಧ್ಯಾಹ್ನಕ್ಕೆ, ಸ್ವಲ್ಪವೇ, ಮೇಲಿನ ಕೊಬ್ಬು ತೆಗೆದು ತಿನ್ನಿ. ರಾತ್ರಿಗೆ ಬೇಡ. ಖಾರ, ಹಸಿ ನೀರುಳ್ಳಿ, ಟೊಮೆಟೊ, ಚಾಕಲೇಟು, ಪುದೀನಾ ಕೆಲವರಿಗೆ ಆಗುವುದಿಲ್ಲ. ಪುದೀನಾ ಹೊಟ್ಟೆಗೆ ತಂಪು ಎಂದು ನಾವು ನಂಬಿದ್ದೇವೆ. ಆದರೆ ಅದು ಆ ಬಾಯಿಯ ಸ್ನಾಯುವನ್ನೇ ಸಡಿಲಿಸುವುದರಿಂದ ಎದೆಯುರಿ ಇರುವವರಿಗೆ ಹೇಳಿದ್ದಲ್ಲ. ಪುನರ್ಪುಳಿ ಶರಬತ್ತು ಪಿತ್ತಕ್ಕೆ ಒಳ್ಳೆಯದೆನ್ನುತ್ತೇವೆ. ಅದೂ ಹುಳಿಯೇ, ಕುಡಿದು ಉರಿ ಹೆಚ್ಚಾದರೆ ನಿಲ್ಲಿಸಿ. ಬಾಟಲಿಯ ಸೋಡಾ, ಬಣ್ಣದ ಪಾನೀಯ ಜಠರವನ್ನು ಗಾಳಿಯಿಂದ ಉಬ್ಬಿಸಿ ಮೇಲಕ್ಕೆ ತಳ್ಳುತ್ತವೆ. ತೇಗು ಬಂದಾಗ ಸುಖ ಅನಿಸಿದರೂ ಆ ತೇಗಿನ ಜೊತೆಗೇ ಆಮ್ಲವೂ ಬರುತ್ತದೆ.

ಕುಚ್ಚಲಕ್ಕಿ ಗಂಜಿ, ಬೇಯಿಸಿದ ತರಕಾರಿ, ಹೆಸರುಕಾಳಿನ ಪಲ್ಯ, ಆವಿಯಲ್ಲಿ ಬೆಂದ ಇಡ್ಲಿ, ಪುಂಡಿ, ಹೆಚ್ಚು ಖಾರವಿಲ್ಲದ ಮೀನು ಸಾರು, ಬಾಳೆಹಣ್ಣು, ಪಪ್ಪಾಯಿ ಇವು ಹೆಚ್ಚಿನವರಿಗೆ ಒಗ್ಗುತ್ತವೆ. ಎರಡು ದೊಡ್ಡ ಊಟದ ಬದಲು ನಾಲ್ಕು ಸಣ್ಣ ಊಟ ಮಾಡಿ. ನಿಧಾನವಾಗಿ ಅಗಿದು ತಿನ್ನಿ. ಹೊಟ್ಟೆಯಲ್ಲಿ ಸ್ವಲ್ಪ ಜಾಗ ಇರುವಾಗಲೇ ಕೈ ತೊಳೆಯಿರಿ. ಊಟದ ನಡುವೆ ಚೊಂಬು ತುಂಬ ನೀರು ಕುಡಿಯದೆ ಊಟಗಳ ಮಧ್ಯದ ಸಮಯದಲ್ಲಿ ಕುಡಿಯಿರಿ.

ತಪಸ್ಸಿನ ಕಾಲದಲ್ಲಿ ದಿನವಿಡೀ ಹಸಿದಿದ್ದು ಸಂಜೆ ಒಮ್ಮೆಲೇ ಹೊಟ್ಟೆ ಬಿರಿಯುವಂತೆ ಉಣ್ಣುವವರಿದ್ದಾರೆ. ಹರ್ನಿಯಾ ಇರುವವರಿಗೆ ಇದಕ್ಕಿಂತ ತೊಂದರೆ ಇಲ್ಲ. ಉಪವಾಸದ ನಿಯಮದಿಂದ ಕಾಯಿಲೆಯವರಿಗೂ 60ನೆಯ ವರ್ಷಕ್ಕೆ ಕಾಲಿಟ್ಟವರಿಗೂ ವಿನಾಯಿತಿ ಇದೆ ಎಂಬುದನ್ನು ನಮ್ಮ ಹಿರಿಯರು ನೆನಪಿಡಲಿ. ತ್ಯಾಗ ಮಾಡಲೇಬೇಕೆಂದಿದ್ದರೆ ಬೀಡಿಯನ್ನು ಬಿಡಿ.

ಎಲೆಯಡಿಕೆ, ಬೀಡಿ, ಮದ್ಯ

ಇದನ್ನು ಬರೆಯಲು ಅಡಿಕೆ ಬೆಳೆಯುವ ನನಗೆ ಸುಲಭವಿಲ್ಲ. ಆದರೂ ಹೇಳಬೇಕು. ಹೊಗೆಸೊಪ್ಪಿನ ನಿಕೋಟಿನ್ ಜಠರದ ಬಾಯಿಯ ಬಿಗಿತವನ್ನು ಕಡಿಮೆ ಮಾಡುತ್ತದೆ. ಬೀಡಿಯಾಗಲಿ, ಎಲೆಯೊಳಗಿನ ಹೊಗೆಸೊಪ್ಪಾಗಲಿ ವ್ಯತ್ಯಾಸವಿಲ್ಲ. ಬೀಡಿ ಸೇದುವವರಲ್ಲಿ ಜೊಲ್ಲು ಕಡಿಮೆಯಾಗುತ್ತದೆ. ಮೇಲೆ ಬಂದ ಆಮ್ಲವನ್ನು ತೊಳೆದು ಕೆಳಗೆ ಕಳುಹಿಸುವುದು ಈ ಜೊಲ್ಲೇ. ಬೀಡಿಯ ಕೆಮ್ಮು ಬೇರೆ ಹೊಟ್ಟೆಯನ್ನು ಹಿಂಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ಸಂಸ್ಥೆಯು 2004ರಲ್ಲಿ ಹೊಗೆಸೊಪ್ಪು ಇರುವ ಮತ್ತು ಇಲ್ಲದ ಎಲೆಯಡಿಕೆ ಎರಡನ್ನೂ, ಅಡಿಕೆಯನ್ನೂ ಅರ್ಬುದಕಾರಕಗಳ ಮೊದಲ ಪಟ್ಟಿಯಲ್ಲಿ ಇರಿಸಿತು. ನಮಗೆ ಬೆಲೆಯ ಚಿಂತೆ ಇದೆ, ನಿಜ. ಆದರೆ ಬೆಳೆಯುವುದು ಬೇರೆ, ಊಟವಾದ ಮೇಲೆ ಬಾಯಲ್ಲಿ ತುಂಬಿಕೊಂಡು ಮಲಗುವುದು ಬೇರೆ. ನಾನು ಎಲೆಯಡಿಕೆಯನ್ನು ನಿಲ್ಲಿಸಿದ ಮೊದಲ ತಿಂಗಳು ಕಷ್ಟವಾಯಿತು. ಜೇಬಿನಲ್ಲಿ ಜೀರಿಗೆ ಇಟ್ಟುಕೊಂಡೆ. ಮೂರನೆಯ ತಿಂಗಳಿಗೆ ನೆನಪೇ ಬರಲಿಲ್ಲ.

ಮದ್ಯವೂ ಹೀಗೆಯೇ. ದಿನದ ದಣಿವಿಗೆ ಎಂದು ರಾತ್ರಿ ಕುಡಿದು, ಕರಿದದ್ದನ್ನು ತಿಂದು, ಉಂಡು, ಹಾಗೇ ಮಲಗುವ ನಾಲ್ಕೂ ಒಟ್ಟಿಗೆ ಸೇರಿದರೆ ಮಧ್ಯರಾತ್ರಿ ಗಂಟಲಿಗೆ ಹುಳಿ ನುಗ್ಗಿ ಉಸಿರು ಸಿಕ್ಕಿದಂತಾಗಿ ಎದ್ದು ಕುಳಿತುಕೊಳ್ಳುವುದು ಆಶ್ಚರ್ಯವಲ್ಲ.

ರಾತ್ರಿ: ಮೂರು ಗಂಟೆಯ ಅಂತರ

ನಿಂತಾಗ ಆಮ್ಲ ತನ್ನ ಭಾರದಿಂದಲೇ ಕೆಳಗಿರುತ್ತದೆ. ಮಲಗಿದಾಗ ಆ ಸಹಾಯ ಇಲ್ಲ. ಆದುದರಿಂದ ಕೊನೆಯ ತುತ್ತಿಗೂ ಹಾಸಿಗೆಗೂ ಮೂರು ಗಂಟೆ ಅಂತರ ಇರಬೇಕು. ನಮ್ಮ ಮನೆಗಳಲ್ಲಿ ಸಂಜೆಯ ಪ್ರಾರ್ಥನೆ ಮುಗಿಸಿ ಊಟ, ಊಟ ಮುಗಿಸಿ ಹಾಸಿಗೆ. ನಾವು ಮನೆಯಲ್ಲಿ ಅದನ್ನು ತಿರುಗಿಸಿದೆವು: ಏಳಕ್ಕೆ ಊಟ, ಪಾತ್ರೆ ತೊಳೆದಾದ ಮೇಲೆ ಜಪಮಾಲೆ, ಆಮೇಲೆ ಅಂಗಳದಲ್ಲಿ ನಾಲ್ಕು ಹೆಜ್ಜೆ, ಹತ್ತಕ್ಕೆ ನಿದ್ದೆ. ಮೊದಮೊದಲು ಮಕ್ಕಳು ಗೊಣಗಿದರು. ಈಗ ಪ್ರಾರ್ಥನೆಯ ಹೊತ್ತಿಗೆ ಯಾರೂ ಹಸಿವಿನಿಂದ ಒದ್ದಾಡುವುದಿಲ್ಲ!

ಮಧ್ಯಾಹ್ನ ಉಂಡು ಚಾವಡಿಯಲ್ಲಿ ಚಾಪೆ ಹಾಸಿ ಅಡ್ಡಾಗುವವರು ಅದರ ಬದಲು ಒರಗು ಕುರ್ಚಿಯಲ್ಲಿ ಬೆನ್ನು ಎತ್ತರಿಸಿ ವಿಶ್ರಮಿಸಿ.

ಮಂಚದ ತಲೆಯ ಕಡೆಯ ಎರಡು ಕಾಲುಗಳಿಗೆ ಆರರಿಂದ ಎಂಟು ಇಂಚು, ಅಂದರೆ 15ರಿಂದ 20 ಸೆಂಟಿಮೀಟರ್ ಎತ್ತರ ಕೊಡಿ. ಹಲಸಿನ ಮರದ ದಿಮ್ಮಿಯಲ್ಲಿ ಕಾಲು ಕೂರುವಷ್ಟು ಗುಳಿ ಮಾಡಿಸಿದರೆ ಜಾರುವುದಿಲ್ಲ. ಕೆಂಪುಕಲ್ಲಿನ ತುಂಡಾದರೂ ಆದೀತು, ಅಲುಗಾಡದಂತೆ ನೋಡಿಕೊಳ್ಳಿ. ಎರಡು ಮೂರು ತಲೆದಿಂಬು ಪೇರಿಸುವುದು ಇದಕ್ಕೆ ಸಮವಲ್ಲ. ತಲೆದಿಂಬಿನಿಂದ ಕುತ್ತಿಗೆ ಮಾತ್ರ ಎತ್ತರವಾಗಿ ಹೊಟ್ಟೆ ಮಡಚಿ ಒತ್ತಡ ಹೆಚ್ಚಾಗುತ್ತದೆ. ಚಾಪೆಯಲ್ಲಿ ಮಲಗುವವರು ಸೊಂಟದಿಂದ ತಲೆಯವರೆಗೆ ಇಳಿಜಾರಾಗಿ ಏರುವ ಹಾಸಿಗೆ ಮಾಡಿಸಿಕೊಳ್ಳಬಹುದು. ಎಡಮಗ್ಗುಲಲ್ಲಿ ಮಲಗಿದರೆ ಜಠರವು ಅನ್ನನಾಳಕ್ಕಿಂತ ಕೆಳಗಿರುವುದರಿಂದ ಆಮ್ಲ ಉಕ್ಕುವುದು ಕಡಿಮೆ.

ಮಾತ್ರೆ ನುಂಗುವುದರಲ್ಲೂ ಜಾಗ್ರತೆ

ಸೊಂಟನೋವು, ಮೈಕೈ ನೋವಿಗೆ ಅಂಗಡಿಯಿಂದ ತಂದು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ಮಾತ್ರೆಗಳು ಜಠರದಲ್ಲಿ ಹುಣ್ಣು ಮಾಡಿ ರಕ್ತ ಸೋರಿಸಬಹುದು. ಹರ್ನಿಯಾ ಇರುವವರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು.

ಮಳೆಗಾಲದಲ್ಲಿ ಕೆಸರುಗದ್ದೆ, ತೋಡಿನ ಕೆಲಸ ಮಾಡುವವರಿಗೆ ಇಲಿಜ್ವರ ಬಾರದಂತೆ ಆರೋಗ್ಯ ಕೇಂದ್ರದಿಂದ ವಾರಕ್ಕೊಮ್ಮೆ ಡಾಕ್ಸಿಸೈಕ್ಲಿನ್ ಮಾತ್ರೆ ಕೊಡುತ್ತಾರೆ. ಬಹಳ ಅಗತ್ಯದ ಮಾತ್ರೆ, ಬಿಡಬೇಡಿ. ಆದರೆ ರಾತ್ರಿ ಮಲಗುವ ಮುನ್ನ ಒಂದು ಗುಟುಕು ನೀರಿನಲ್ಲಿ ನುಂಗಿದರೆ ಅದು ಅನ್ನನಾಳದಲ್ಲೇ ಅಂಟಿ ಸುಟ್ಟ ಹಾಗೆ ಹುಣ್ಣು ಮಾಡುತ್ತದೆ. ಊಟದ ನಂತರ, ನೆಟ್ಟಗೆ ಕುಳಿತು, ತುಂಬಿದ ಲೋಟ ನೀರಿನಲ್ಲಿ ನುಂಗಿ, ಮತ್ತೆ ಒಂದು ಗಂಟೆಯವರೆಗೂ ಮಲಗಬೇಡಿ. ಕಬ್ಬಿಣಾಂಶದ ಮಾತ್ರೆಯನ್ನೂ ಹಾಗೆಯೇ ನೆಟ್ಟಗೆ ಕುಳಿತು, ತುಂಬ ನೀರಿನಲ್ಲಿ ನುಂಗಬೇಕು. ಅದನ್ನು ಊಟಕ್ಕೆ ಮೊದಲೋ ನಂತರವೋ ಎಂದು ವೈದ್ಯರನ್ನು ಕೇಳಿಕೊಳ್ಳಿ. ರಕ್ತದೊತ್ತಡಕ್ಕೆ ಕೊಡುವ ಅಮ್ಲೋಡಿಪಿನ್‌ನಂಥ ಮಾತ್ರೆ ಕೆಲವರಲ್ಲಿ ಎದೆಯುರಿ ಹೆಚ್ಚಿಸುತ್ತದೆ. ಅದನ್ನು ನೀವಾಗಿ ನಿಲ್ಲಿಸಬೇಡಿ, ವೈದ್ಯರಿಗೆ ತಿಳಿಸಿ. ಅಡಿಗೆ ಸೋಡಾ ಮತ್ತು ಬುರುಗು ಬರುವ ಪುಡಿಗಳಲ್ಲಿ ಸೋಡಿಯಂ ಬಹಳ. ರಕ್ತದೊತ್ತಡ, ಹೃದಯ, ಮೂತ್ರಪಿಂಡದ ತೊಂದರೆ ಇರುವವರಿಗೆ ಅದು ದಿನನಿತ್ಯದ ಮದ್ದಲ್ಲ.

ಆಮ್ಲ ಕಡಿಮೆ ಮಾಡುವ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಮಾತ್ರೆಗಳನ್ನು ಬೆಳಗಿನ ತಿಂಡಿಗೆ ಅರ್ಧ ಗಂಟೆ ಮೊದಲು ನುಂಗಬೇಕು. ಊಟವಾದ ಮೇಲೆ ನುಂಗಿದರೆ ಪೂರ್ತಿ ಪ್ರಯೋಜನ ಸಿಗುವುದಿಲ್ಲ. ನಾನು ಮೊದಲು ಅಂಗಡಿಯಿಂದ ತಂದದ್ದನ್ನು ಎರಡು ತಿಂಗಳು ಊಟದ ನಂತರವೇ ನುಂಗಿದೆ. ಲಕೋಟೆಯ ಮೇಲೆ ಮಲಯಾಳದಲ್ಲಿ ಬರೆದದ್ದನ್ನು ನಾನು ಓದಲಾರದೆ ಅಂದಾಜಿನಲ್ಲಿ ನಡೆದುಕೊಂಡದ್ದು! ನಮ್ಮ ಹಿರಿಯರಲ್ಲಿ ಕನ್ನಡ ಮಾತ್ರ ಓದಬಲ್ಲವರು ಅನೇಕರು. ನಾಚಿಕೆ ಪಡದೆ “ಇದನ್ನು ಊಟಕ್ಕೆ ಮೊದಲೋ ನಂತರವೋ?” ಎಂದು ಕೇಳಿ, ಅಲ್ಲೇ ಲಕೋಟೆಯ ಮೇಲೆ ಕನ್ನಡದಲ್ಲಿ ಬರೆದುಕೊಳ್ಳಿ. ಮನೆಯ ಶಾಲಾ ಮಕ್ಕಳಿಗೂ ಈ ಕೆಲಸ ಒಪ್ಪಿಸಬಹುದು.

ಈ ಮಾತ್ರೆಗಳನ್ನು ಸಾಮಾನ್ಯವಾಗಿ ನಾಲ್ಕರಿಂದ ಎಂಟು ವಾರ ಕೊಟ್ಟು ಪುನಃ ನೋಡುತ್ತಾರೆ. ವರ್ಷಗಟ್ಟಲೆ ನಾವೇ ಅಂಗಡಿಯಿಂದ ತಂದು ಮುಂದುವರಿಸಿದರೆ ವಿಟಮಿನ್ ಬಿ12 ಮತ್ತು ಮೆಗ್ನೀಸಿಯಂ ಕಡಿಮೆಯಾಗುವ ಸಂಭವವಿದೆ. ಹಿಂದೆ ಎಲ್ಲರ ಮನೆಯಲ್ಲೂ ಇರುತ್ತಿದ್ದ ರ‍್ಯಾನಿಟಿಡಿನ್ ಮಾತ್ರೆಯನ್ನು ನಮ್ಮ ದೇಶದ ಅಗತ್ಯ ಔಷಧಗಳ ಪಟ್ಟಿಯಿಂದ 2022ರಲ್ಲಿ ತೆಗೆದುಹಾಕಲಾಯಿತು. ಹಳೆಯ ಚೀಟಿ ತೋರಿಸಿ ಅದನ್ನೇ ತರುವ ಬದಲು ವೈದ್ಯರಲ್ಲಿ ಹೊಸದಾಗಿ ಕೇಳಿ.

ಯಾವಾಗ ತಡಮಾಡಬಾರದು?

ಎದೆನೋವಿನ ಜೊತೆ ಬೆವರು, ಉಸಿರಾಟಕ್ಕೆ ತೊಂದರೆ, ನೋವು ಎಡಗೈಗೆ, ಭುಜಕ್ಕೆ ಅಥವಾ ದವಡೆಗೆ ಹರಿಯುವುದು, ಗುಡ್ಡ ಹತ್ತುವಾಗ ಬಂದು ನಿಂತಾಗ ಕಡಿಮೆಯಾಗುವುದು, ಇವು ಹೃದಯದ ಲಕ್ಷಣಗಳು. ಹೃದಯದ ನೋವನ್ನೂ ಹರ್ನಿಯಾದ ನೋವನ್ನೂ ಮನೆಯಲ್ಲಿ ಕುಳಿತು ಬೇರ್ಪಡಿಸಲು ಯಾರಿಗೂ ಸಾಧ್ಯವಿಲ್ಲ. ನನ್ನ ನೆರೆಮನೆಯವರೊಬ್ಬರು ಒಂದು ರಾತ್ರಿ ಎರಡು ಸಲ ಸೋಡಾ ಕುಡಿದು, “ಗ್ಯಾಸ್ ಇಳಿದೀತು” ಎಂದು ಕಾದರು. ಬೆಳಗಾಗುವಷ್ಟರಲ್ಲಿ ಅವರು ಇರಲಿಲ್ಲ. ಅನುಮಾನ ಬಂದರೆ ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಮೊದಲು ಹೋಗಿ. ನಮಗೆಲ್ಲ ಮಂಗಳೂರೇ ದೊಡ್ಡಾಸ್ಪತ್ರೆ. ಆದರೆ 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಏನಾಯಿತೆಂದು ನಮಗೆ ಗೊತ್ತಿದೆ. ಗಡಿಯ ಈಚೆ, ನಮ್ಮ ಹತ್ತಿರದಲ್ಲಿ ಎಲ್ಲಿ ಇಸಿಜಿ ಇದೆ, ರಾತ್ರಿ ಯಾರು ವಾಹನ ತೆಗೆಯುತ್ತಾರೆ ಎಂಬುದನ್ನು ಪ್ರತಿ ಮನೆಯವರೂ ಮೊದಲೇ ತಿಳಿದಿರಬೇಕು.

ಇವುಗಳಿದ್ದರೂ ವೈದ್ಯರಲ್ಲಿಗೆ ಹೋಗಿ: ಅನ್ನ ನುಂಗುವಾಗ ಸಿಕ್ಕಿಕೊಳ್ಳುವುದು, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ರಕ್ತ ವಾಂತಿ, ಡಾಂಬರಿನಂತೆ ಕಪ್ಪು ಮಲ, ನಿಲ್ಲದ ವಾಂತಿ, ಐವತ್ತರ ನಂತರ ಹೊಸದಾಗಿ ಆರಂಭವಾದ ಎದೆಯುರಿ, ಎರಡು ಮೂರು ವಾರ ಮಾತ್ರೆ ತೆಗೆದುಕೊಂಡರೂ ಹೋಗದ ಉರಿ. ಕಬ್ಬಿಣಾಂಶದ ಮಾತ್ರೆಯಿಂದಲೂ ಮಲ ಕಪ್ಪಾಗುವುದುಂಟು. ಅದನ್ನು ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ಹೇಳಿ. ಒಮ್ಮೆಲೇ ಎದೆ, ಹೊಟ್ಟೆಯ ಮೇಲ್ಭಾಗದಲ್ಲಿ ಸಹಿಸಲಾರದ ನೋವು ಬಂದು, ಓಕರಿಕೆ ಬಂದರೂ ವಾಂತಿಯಾಗದಿದ್ದರೆ ಜಠರ ಸಿಕ್ಕಿಕೊಂಡಿರಬಹುದು. ಅದು ತುರ್ತು.

ಎಂಡೋಸ್ಕೋಪಿಗೆ ಹೆದರಬೇಡಿ. ಸುಮಾರು ಆರೆಂಟು ಗಂಟೆ ಖಾಲಿ ಹೊಟ್ಟೆಯಲ್ಲಿರಬೇಕು. ಗಂಟಲು ಮರಗಟ್ಟುವ ಮದ್ದು ಸಿಂಪಡಿಸಿ, ಬೆರಳಿನಷ್ಟು ದಪ್ಪದ ಕೊಳವೆ ಇಳಿಸುತ್ತಾರೆ. ಕೆಲವೇ ನಿಮಿಷದ ಕೆಲಸ. ಆರು ವರ್ಷ ಹೆದರಿದ್ದು ಇದಕ್ಕೆಯೇ ಎಂದು ನನಗೆ ನಗು ಬಂತು. ಹೆಚ್ಚಿನವರಿಗೆ ಅಭ್ಯಾಸ ಬದಲಾವಣೆ ಮತ್ತು ಮಾತ್ರೆಯೇ ಸಾಕು. ಮಾತ್ರೆಯಿಂದ ಗುಣವಾಗದವರಿಗೆ, ಪಕ್ಕದಿಂದ ಏರುವ ದೊಡ್ಡ ಹರ್ನಿಯಾದವರಿಗೆ ಶಸ್ತ್ರಚಿಕಿತ್ಸೆ ಇದೆ. ಜಠರವನ್ನು ಕೆಳಗೆಳೆದು, ತೂತನ್ನು ಹೊಲಿದು, ಜಠರದ ಮೇಲ್ತುದಿಯನ್ನು ಅನ್ನನಾಳಕ್ಕೆ ಸುತ್ತುತ್ತಾರೆ. 1950ರ ದಶಕದಲ್ಲಿ ರುಡಾಲ್ಫ್ ನಿಸೆನ್ ಎಂಬ ಶಸ್ತ್ರವೈದ್ಯರು ಈ ಕ್ರಮವನ್ನು ಪ್ರಕಟಿಸಿದರು. 1990ರ ದಶಕದಿಂದ ಇದನ್ನು ಸಣ್ಣ ತೂತುಗಳ ಮೂಲಕ, ಲ್ಯಾಪರೊಸ್ಕೋಪಿಯಿಂದ ಮಾಡುತ್ತಾರೆ.

ನೆನಪಿಡಬೇಕಾದವು

1. ಉಂಡ ಮೇಲೆ ಒಂದೂವರೆ ಗಂಟೆ ಬಗ್ಗುವ ಕೆಲಸ, ಭಾರ ಎತ್ತುವ ಕೆಲಸ ಬೇಡ.
2. ಮೊಣಕಾಲು ಮಡಚಿ, ಉಸಿರು ಬಿಡುತ್ತಾ ಎತ್ತಿ. ಭಾರವನ್ನು ಪಾಲು ಮಾಡಿ.
3. ಸೊಂಟದ ಬೆಲ್ಟು, ಲಾಡಿ ಸಡಿಲ ಇರಲಿ.
4. ಸಣ್ಣ ಊಟ, ನಿಧಾನದ ಊಟ. ರಾತ್ರಿಗೆ ಕರಿದದ್ದು ಬೇಡ.
5. ಊಟಕ್ಕೂ ನಿದ್ದೆಗೂ ಮೂರು ಗಂಟೆ ಅಂತರ.
6. ಮಂಚದ ತಲೆಭಾಗ ಆರರಿಂದ ಎಂಟು ಇಂಚು ಎತ್ತರ. ಎಡಮಗ್ಗುಲು ಒಳ್ಳೆಯದು.
7. ಹೊಗೆಸೊಪ್ಪು, ಬೀಡಿ, ಎಲೆಯಡಿಕೆ, ಮದ್ಯ ಬಿಡಿ.
8. ತೂಕ ಹೆಚ್ಚಿದ್ದರೆ ನಿಧಾನವಾಗಿ ಇಳಿಸಿ. ನಾಲ್ಕೈದು ಕಿಲೋ ಇಳಿದರೂ ವ್ಯತ್ಯಾಸ ತಿಳಿಯುತ್ತದೆ.
9. ಕೇಳದೆ ನೋವಿನ ಮಾತ್ರೆ ನುಂಗಬೇಡಿ.
10. ಎದೆನೋವು, ಬೆವರು ಬಂದರೆ ಸೋಡಾ ಅಲ್ಲ, ಆಸ್ಪತ್ರೆ.

ಇದೆಲ್ಲವನ್ನೂ ಒಂದೇ ದಿನ ಮಾಡಲು ಹೋಗಬೇಡಿ. ಈ ವಾರ ಮಂಚದ ಕಾಲಿಗೆ ದಿಮ್ಮಿ ಇಡಿ, ಮುಂದಿನ ವಾರ ಊಟದ ಹೊತ್ತನ್ನು ಬದಲಾಯಿಸಿ. ನನ್ನ ಹರ್ನಿಯಾ ಈಗಲೂ ಅಲ್ಲೇ ಇದೆ, ಹೋಗಿಲ್ಲ. ಆದರೆ ಹಿಮೋಗ್ಲೋಬಿನ್ ಹದಿಮೂರಕ್ಕೆ ಬಂದಿದೆ, ಕೆಳಗಿನ ತೋಟದಿಂದ ಎಲ್ಲೂ ಕೂರದೆ ಮನೆಗೆ ಹತ್ತಿ ಬರುತ್ತೇನೆ. ನಿಮ್ಮ ಮನೆಯಲ್ಲೂ ಯಾರಾದರೂ ಬಹಳ ಕಾಲದಿಂದ ಸೋಡಾ ಕೇಳುತ್ತಿದ್ದರೆ, ಲೋಟ ಕೊಡುವ ಮೊದಲು ಅವರನ್ನು ಕೂರಿಸಿ ಈ ನಾಲ್ಕು ಮಾತು ಓದಿ ಹೇಳಿ.